ಒಂದೇ ಸಭೆ, ಹಲವು ನಾಲಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಕನ್ನಡದವರೇ ಹೆಚ್ಚು. ತೆಲುಗಿನ ಹದಿನೈದು ಮನೆ, ತಾಂಡಾದಿಂದ ಬರುವ ಲಂಬಾಣಿ ಎಂಟು ಮನೆ ಇವೆ. ಎಲ್ಲರಿಗೂ ತಿಳಿಯಲೆಂದು ಪಾಸ್ಟರ ಪ್ರಸಂಗವನ್ನು (ಬೋಧನೆಯನ್ನು) ಸಾಲು ಸಾಲಾಗಿ ತೆಲುಗಿನಲ್ಲಿ ಹೇಳಿಸುತ್ತೇವೆ. ಆರಾಧನೆ ಮೂರು ತಾಸಾಗುತ್ತಿದೆ, ಹುಡುಗರು ನಡುವೆಯೇ ಎದ್ದು ಹೋಗುತ್ತಾರೆ. ಆರಾಧನೆಯನ್ನೇ ಬೇರೆ ಮಾಡಿಬಿಡೋಣ ಎಂಬ ಮಾತು ಎದ್ದಿದೆ. ಏನು ಮಾಡಬೇಕು?
— ಸೇಡಂ ತಾಲೂಕಿನ ಓದುಗರು

ಉತ್ತರ: ಬೇರೆ ಮಾಡಬೇಡಿ. ಎಲ್ಲವನ್ನೂ ಎರಡೆರಡು ಸಲ ಹೇಳುವುದನ್ನು ಮಾತ್ರ ಬಿಡಿ. ಇಪ್ಪತ್ತೈದು ನಿಮಿಷದ ಪ್ರಸಂಗ ಸಾಲು ಸಾಲಾಗಿ ಅನುವಾದವಾದರೆ ಐವತ್ತು ನಿಮಿಷ ಹಿಡಿಯುತ್ತದೆ. ಅದೂ ಹೋಗಲಿ ಎಂದರೆ, ಪ್ರತಿ ಸಾಲಿಗೂ ತುಂಡಾಗುವ ಮಾತಿನಲ್ಲಿ ಎರಡೂ ಭಾಷೆಯವರಿಗೆ ಎಳೆ ತಪ್ಪುತ್ತದೆ. ಪ್ರಸಂಗ ಒಂದೇ ಭಾಷೆಯಲ್ಲಿ ನಡೆಯಲಿ, ಅದರ ಸಾರವನ್ನು ಒಂದು ಪುಟಕ್ಕೆ ಇಳಿಸಿ ಶನಿವಾರ ಸಂಜೆಯೊಳಗೆ ತೆಲುಗಿನಲ್ಲಿ ಮನೆಗಳಿಗೆ ಮುಟ್ಟಿಸಿ. ಓದು ಬಾರದ ಹಿರಿಯರಿದ್ದರೆ ಅದನ್ನೇ ಮೊಬೈಲಿನಲ್ಲಿ ಧ್ವನಿ ಮಾಡಿ ಕಳಿಸಬಹುದು. ತಿಂಗಳಲ್ಲೊಂದು ಭಾನುವಾರ ತಿರುವುಮುರುವು ಮಾಡಿ: ಪ್ರಸಂಗ ತೆಲುಗಿನಲ್ಲಿ, ಸಾರದ ಪುಟ ಕನ್ನಡದಲ್ಲಿ. ಇದು ಬಹಳ ಮುಖ್ಯ. ಪುಟ ಹಿಡಿದು ಕೂತು ಕೇಳುವುದು ಎಷ್ಟು ಕಷ್ಟ ಎಂಬುದು ಹೆಚ್ಚಿನ ಸಂಖ್ಯೆಯವರಿಗೂ ತಿಳಿಯಬೇಕು.

ಬೈಬಲ್ ವಾಚನವನ್ನು ಎರಡು ಸಲ ಓದಬೇಕಿಲ್ಲ. ಪುಸ್ತಕ, ಅಧ್ಯಾಯ, ವಚನವನ್ನು ಎರಡೂ ಭಾಷೆಯಲ್ಲಿ ಹೇಳಿ, ಪುಟ ತೆಗೆಯಲು ಅರ್ಧ ನಿಮಿಷ ಸುಮ್ಮನಿರಿ. ಆಮೇಲೆ ಒಬ್ಬರು ಓದಲಿ, ಉಳಿದವರು ತಮ್ಮ ಬೈಬಲಿನಲ್ಲಿ ಕಣ್ಣಾಡಿಸಲಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಏಕಕಾಲಕ್ಕೆ ಅವರವರ ಭಾಷೆಯಲ್ಲಿ ಹೇಳಲಿ. ಇಲ್ಲಿ ಕೆಡುವುದು ಮೈಕಿನಿಂದ. ಮುಂದೆ ನಿಂತವರು ಮೈಕಿನಲ್ಲಿ ಕನ್ನಡ ಹೇಳಿದರೆ ಉಳಿದ ಭಾಷೆಗಳು ಮುಳುಗಿಹೋಗುತ್ತವೆ. ಮೊದಲ ಎರಡು ಶಬ್ದ ಹೇಳಿ ಮೈಕು ಬಂದ್ ಮಾಡಿ.

ಲಂಬಾಣಿಗೆ ಸ್ವಂತ ಲಿಪಿ ರೂಢಿಯಲ್ಲಿಲ್ಲ. ನಮ್ಮಲ್ಲಿ ಕನ್ನಡ, ತೆಲಂಗಾಣದಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ದೇವನಾಗರಿ ಅಕ್ಷರದಲ್ಲಿ ಬರೆಯುತ್ತಾರೆ. ಹಾಗಾಗಿ ಅವರ ಹಾಡನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಇಡೀ ಸಭೆ ಹಾಡಬಹುದು. ವಾರಕ್ಕೊಂದು ಹಾಡು ಸಾಕು, ಆದರೆ ಅದನ್ನು ಎತ್ತಿಕೊಡುವವರು ತಾಂಡಾದವರೇ ಆಗಿರಲಿ.

ಹಾಡು-ಪ್ರಸಂಗಕ್ಕಿಂತ ದೊಡ್ಡ ಸಂಗತಿ ಕೆಲಸದ ಹಂಚಿಕೆ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಸಭೆಯಲ್ಲಿ ಮೊದಲು ಎದ್ದ ಗುಣುಗುಣು ಭಾಷೆಯ ಗುಂಪುಗಳ ನಡುವಿನದು: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಅಲಕ್ಷಿಸುತ್ತಿದ್ದರು. ಆಗ ಆರಿಸಿದ ಏಳು ಮಂದಿ ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಯಾರ ಕಡೆಯಿಂದ ಬಂತೋ ಆ ಕಡೆಯವರ ಕೈಗೇ ಸೌಟು ಕೊಟ್ಟರು. ಸಭೆಯ ಆಡಳಿತ ನೋಡುವ ನಿಮ್ಮ ಪಾಸ್ಟರೇಟ್ ಕಮಿಟಿಯಲ್ಲಿ, ಕಾಣಿಕೆ ಎಣಿಸುವ ಮೇಜಿನಲ್ಲಿ, ಕೀಲಿಕೈ ಇಟ್ಟುಕೊಳ್ಳುವವರಲ್ಲಿ ತೆಲುಗಿನವರು, ತಾಂಡಾದವರು ಇದ್ದಾರೆಯೇ? ಬರೀ ಕುರ್ಚಿ ಹಾಕಲು, ನೀರು ಕೊಡಲು ಅವರನ್ನು ಕರೆಯುತ್ತಿದ್ದರೆ ಅನುವಾದ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ: ಜನವರಿಯ ಐಕ್ಯ ಪ್ರಾರ್ಥನಾ ವಾರದಲ್ಲಿ ಮೆಥೋಡಿಸ್ಟರು, ಕಥೋಲಿಕರು, ಪೆಂತೆಕೊಸ್ತಿನವರು ಒಟ್ಟಿಗೆ ಒಂದು ಸಂಜೆ ಪ್ರಾರ್ಥಿಸಬೇಕೆಂದಿದ್ದೇವೆ. ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರವಾದ ಕರ್ತನ ಭೋಜನವನ್ನೂ ಒಟ್ಟಿಗೆ ಮಾಡಬಹುದೇ?
— ಕಲಬುರಗಿ ನಗರದ ಯುವಕ ಸಂಘ

ಉತ್ತರ: ಪ್ರಾರ್ಥನೆ ಖಂಡಿತ ಮಾಡಿ, ಭೋಜನ ಬೇಡ. ಮೆಥೋಡಿಸ್ಟರು ತಮ್ಮ ಮೇಜಿಗೆ ಬೇರೆ ಸಭೆಯವರನ್ನೂ ಕರೆಯುತ್ತಾರೆ. ಕಥೋಲಿಕ ನಿಯಮದಲ್ಲಿ ಮರಣಾಪಾಯದಂಥ ವಿಶೇಷ ಸಂದರ್ಭ ಬಿಟ್ಟರೆ ಪ್ರೊಟೆಸ್ಟಂಟರಿಗೆ ಪರಮಪ್ರಸಾದ (ಅವರಲ್ಲಿ ಈ ಭೋಜನದ ಹೆಸರು) ಕೊಡುವಂತಿಲ್ಲ, ಕಥೋಲಿಕರೂ ಪ್ರೊಟೆಸ್ಟಂಟರ ಮೇಜಿನಲ್ಲಿ ತೆಗೆದುಕೊಳ್ಳುವಂತಿಲ್ಲ. ಇದನ್ನು ಮರೆಮಾಚಿ ಮಾಡಿದರೆ ಅರ್ಧ ಜನ ಕೂತೇ ಇರುತ್ತಾರೆ, ಆ ಸಂಜೆ ನೆನಪಿನಲ್ಲಿ ಉಳಿಯುವುದು ಅದೊಂದೇ.

ಅದರ ಬದಲು ಪ್ರೀತಿಭೋಜನ ಇಡಿ. ಮೆಥೋಡಿಸ್ಟರು 18ನೇ ಶತಮಾನದಲ್ಲಿ ಮೊರಾವಿಯನ್ನರೆಂಬ ಪ್ರೊಟೆಸ್ಟಂಟ್ ಪಂಗಡದಿಂದ ಕಲಿತ ಪದ್ಧತಿ ಇದು: ರೊಟ್ಟಿ, ನೀರು, ನಂಬಿಕೆಯ ಅನುಭವ ಹೇಳುವ ಸಾಕ್ಷಿ, ಬಡವರಿಗೆ ಕಾಣಿಕೆ. ಸಂಸ್ಕಾರವಲ್ಲವಾದ್ದರಿಂದ ಯಾರಿಗೂ ಅಡ್ಡಿಯಿಲ್ಲ. ಗೊಂದಲವಾಗದಂತೆ ಪೀಠದ ಮುಂದೆ ಬೇಡ, ಅಂಗಳದಲ್ಲಿ ಇಡಿ. 150 ಜನಕ್ಕೆ ತಲಾ ಎರಡರಂತೆ 300 ಜೋಳದ ರೊಟ್ಟಿ ಬೇಕು. ಕಿಲೋ ಹಿಟ್ಟಿಗೆ 12–14 ಬರುತ್ತವೆಂದರೆ 25 ಕಿಲೋ ಹಿಡಿಯಿರಿ. ಜೊತೆಗೆ 5 ಕಿಲೋ ತೊಗರಿಬೇಳೆಯ ಪಪ್ಪು, ಶೇಂಗಾ ಹಿಂಡಿ ಸಾಕು. ಮಾಂಸದಡುಗೆ ಬೇಡ, ಯಾವ ಮಾಂಸ ಎಂಬಲ್ಲಿಯೇ ಮಾತು ಕೆಡುತ್ತದೆ. ರೊಟ್ಟಿ ಮೂರೂ ಸಭೆಗಳ ಮನೆಗಳಿಂದ ಬರಲಿ.

ಕಾರ್ಯಕ್ರಮ ಅಚ್ಚಾಗುವ ಮೊದಲು ಮೂರೂ ಕಡೆಯವರು ಕೂತು ಮಾತಾಡಬೇಕು, ನವೆಂಬರಿನಲ್ಲೇ. ಎಲ್ಲ ಗೊತ್ತುಮಾಡಿ ಆಮೇಲೆ ಕರೆ ಕಳಿಸಿದರೆ ಉಳಿದವರು ನೆಂಟರಂತೆ ಬಂದು ನೆಂಟರಂತೆ ಹೋಗುತ್ತಾರೆ. ಯಾರ ಗುಡಿಯಲ್ಲಿ ಸೇರುತ್ತೀರೋ ಅವರು ಪ್ರಸಂಗ ಮಾಡುವುದು ಬೇಡ, ಬಂದವರು ಮಾಡಲಿ. ಕರ್ತನ ಪ್ರಾರ್ಥನೆಯನ್ನು ಹಾಳೆಯಲ್ಲಿ ಅಚ್ಚು ಹಾಕಿ. ಪ್ರೊಟೆಸ್ಟಂಟರು ‘ನಿನ್ನ ನಾಮ’ ಎನ್ನುವಲ್ಲಿ ಕಥೋಲಿಕರು ‘ನಿಮ್ಮ ನಾಮ’ ಎನ್ನುತ್ತಾರೆ. ಕಥೋಲಿಕರು ಕೇಡಿನಿಂದ ಬಿಡುಗಡೆ ಕೇಳುವಲ್ಲಿಗೆ ನಿಲ್ಲಿಸುತ್ತಾರೆ, ಪ್ರೊಟೆಸ್ಟಂಟರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಯುತ್ತಾರೆ. ಮೊದಲೇ ಹೇಳದಿದ್ದರೆ ಅಲ್ಲಿ ಎಡವುತ್ತದೆ. ಗಟ್ಟಿಯಾಗಿ ಎಲ್ಲರೂ ಒಮ್ಮೆಲೇ ಪ್ರಾರ್ಥಿಸುವುದು ಪೆಂತೆಕೊಸ್ತಿನವರ ರೂಢಿ, ಮೌನ ಕಥೋಲಿಕರಿಗೆ ಹಿತ. ಐದು ನಿಮಿಷ ಅದು, ಮೂರು ನಿಮಿಷ ಇದು ಎಂದು ಹಾಳೆಯಲ್ಲೇ ಬರೆಯಿರಿ. ಸಂತರ ಮೊರೆಹೋಗುವ ಪ್ರಾರ್ಥನೆ, ಆತ್ಮಾವೇಶದಲ್ಲಿ ಆಡುವ ‘ಅನ್ಯಭಾಷೆ’ ಕುರಿತ ಬೋಧನೆ ಎರಡೂ ಆ ಸಂಜೆಗೆ ಬೇಡ.

ವಾರ ನಡೆಯುವುದು ಜನವರಿ 18ರಿಂದ 25. 1908ರಲ್ಲಿ ಶುರುವಾದದ್ದು. 2013ರ ಪ್ರಾರ್ಥನೆಗಳನ್ನು ಸಿದ್ಧಪಡಿಸಿದವರು ಭಾರತದ ಕ್ರೈಸ್ತ ವಿದ್ಯಾರ್ಥಿಗಳೇ. ಮೀಕ 6:6–8ನ್ನು ಆಧರಿಸಿ, ದಲಿತ ಕ್ರೈಸ್ತರ ನೋವನ್ನು ಮುಂದಿಟ್ಟು ಬರೆದವು. ನಮ್ಮ ನೆಲಕ್ಕೆ ಅವು ಇಂದಿಗೂ ಒಗ್ಗುತ್ತವೆ.

ಪ್ರಶ್ನೆ: ಮಗಳಿಗೆ ಕೂಸಿದ್ದಾಗಲೇ ಮೆಥೋಡಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನವಾಗಿದೆ. ಬೀಗರು ಮುಳುಗುವ ಸ್ನಾನ ಮತ್ತೆ ಆಗಲಿ ಎನ್ನುತ್ತಾರೆ. ಸರಿಯೇ?
— ಬೀದರ್ ಜಿಲ್ಲೆಯ ತಾಯಿ

ಉತ್ತರ: ಮೆಥೋಡಿಸ್ಟರೂ ಕಥೋಲಿಕರೂ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆದದ್ದನ್ನು ಮತ್ತೆ ಮಾಡುವುದಿಲ್ಲ. ಬೀಗರ ಸಭೆಯ ಲೆಕ್ಕದಲ್ಲಿ ಕೂಸಿಗೆ ಆದದ್ದು ದೀಕ್ಷೆಯೇ ಅಲ್ಲ, ಆದ್ದರಿಂದ ಅವರಿಗೆ ಇದು ‘ಮತ್ತೆ’ ಅಲ್ಲ. ಹಲವು ಸಭೆಗಳ ದೇವಶಾಸ್ತ್ರಿಗಳು ಸೇರಿ ಒಪ್ಪಿದ 1982ರ ಲಿಮಾ ದಸ್ತಾವೇಜು ಮರುದೀಕ್ಷೆ ಎನ್ನಿಸುವ ಆಚರಣೆ ಬೇಡವೆಂದಿದೆ. ತೀರ್ಮಾನ ಮಗಳದೇ ಆಗಲಿ, ಮದುವೆಯ ಷರತ್ತಾಗುವುದು ಬೇಡ. ನಿಶ್ಚಯಕ್ಕೆ ಮುಂಚೆಯೇ ಎರಡೂ ಪಾಸ್ಟರರು ಕೂತು ಮಾತಾಡಲಿ, ದೀಕ್ಷಾಸ್ನಾನದ ಪತ್ರ ಕೈಯಲ್ಲಿರಲಿ.

ಪ್ರಶ್ನೆ: ಕರ್ತನ ಭೋಜನದ ದಿನ ಕೆಲವು ಮನೆಯವರು ಮುಂದೆ ಹೋಗಿ ಎಲ್ಲರಿಗೂ ಇಟ್ಟ ಒಂದೇ ಪಾತ್ರೆಯಿಂದ ದ್ರಾಕ್ಷಾರಸವನ್ನು ಮೊದಲು ಕುಡಿದು ಬರುತ್ತಾರೆ. ಯಾರ ನಂತರ ಪಾತ್ರೆ ಮುಟ್ಟಬಾರದೆಂಬ ಲೆಕ್ಕ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರಿಗೂ ಸಣ್ಣ ಲೋಟ ತಂದರೆ ಸರಿಹೋದೀತೇ?
— ಶಹಾಪುರದಿಂದ

ಉತ್ತರ: ಲೋಟ ತಪ್ಪಲ್ಲ, ಆದರೆ ರೋಗ ಹರಡದಿರಲಿ ಎಂಬ ಕಾರಣಕ್ಕೆ ತರಬೇಕು, ಜಾತಿ ಮುಚ್ಚಲು ಅಲ್ಲ. ಯಾವ ಕಾರಣ ಎಂದು ಪಾಸ್ಟರ್ ಪೀಠದಿಂದಲೇ ಹೇಳಲಿ. ತಲಾ 10 ಮಿಲಿಯಂತೆ 200 ಜನಕ್ಕೆ 2 ಲೀಟರ್ ರಸ ಸಾಕು.

ನಿಜವಾದ ಪರೀಕ್ಷೆ ಲೋಟದಲ್ಲಿಲ್ಲ, ರೊಟ್ಟಿ ಮಾಡುವ ಕೈಯಲ್ಲಿದೆ. ರೊಟ್ಟಿಯೂ ದ್ರಾಕ್ಷಾರಸವೂ ಯಾವಾಗಲೂ ಅದೇ ಎರಡು ಮನೆಯಿಂದ ಬರುತ್ತಿದ್ದರೆ ನಿಲ್ಲಿಸಿ. ಎಲ್ಲ ಓಣಿಯ ಮನೆಗಳ ಹೆಸರು ಬರೆದು ಸರದಿ ಹಾಕಿ, ಆ ತಿಂಗಳು ಯಾರ ಮನೆಯದೆಂದು ಸಭೆಯಲ್ಲಿ ಓದಿ. ಯಾದಗಿರಿಯ ಬಿಸಿಲಿಗೆ ರಸ ರಾತ್ರಿಯಿಡೀ ಹೊರಗಿದ್ದರೆ ಹುಳಿಯುತ್ತದೆ, ಅದೇ ನೆಪ ಮಾಡಿ ಹೊಸ ಮನೆಯವರನ್ನು ಕೈಬಿಡುವವರಿರುತ್ತಾರೆ. ಕುದಿಸಿ ಆರಿಸಿ ಫ್ರಿಜ್ಜಿನಲ್ಲಿಡುವುದನ್ನು ಮೊದಲೇ ಕಲಿಸಿ. ಮುಂದೆ ಬರುವಾಗ ಒಂದು ತಿಂಗಳು ಹಿಂದಿನ ಬೆಂಚಿನಿಂದ, ಮರುತಿಂಗಳು ನಡುವಿನಿಂದ ಎಬ್ಬಿಸಿ. ಯಾರಾದರೂ ಸಿಟ್ಟಾಗಿ ಕೂತರೆ ಆ ಸಾಲು ಬಿಟ್ಟು ಮುಂದೆ ಹೋಗಿ, ಅವರಿಗಾಗಿ ಕ್ರಮ ಬದಲಿಸಬೇಡಿ. ಪಾಸ್ಟರ್ ಅವರ ಮನೆಗೆ ವಾರದೊಳಗೆ ಹೋಗಿ, ಯಾಕೋಬ 2ನೇ ಅಧ್ಯಾಯವನ್ನೂ 1 ಕೊರಿಂಥ 11:20–22ನ್ನೂ ಒಟ್ಟಿಗೆ ಕೂತು ಓದಲಿ.

ಇನ್ನೊಂದು ಜಾಗ ನೀವು ಕೇಳಿಲ್ಲ, ಆದರೂ ಹೇಳಬೇಕು: ಸಮಾಧಿ ಭೂಮಿ. ಮನೆತನಕ್ಕೊಂದು ಮೂಲೆ ಇದ್ದರೆ ಇನ್ನು ಮುಂದಿನ ಗುಂಡಿಗಳನ್ನು ತೀರಿಹೋದ ತಾರೀಖಿನ ಕ್ರಮದಲ್ಲಿ ಸಾಲಾಗಿ ತೋಡಬೇಕೆಂದು ಕಮಿಟಿ ಠರಾವು ಮಾಡಿ ಪುಸ್ತಕದಲ್ಲಿ ಬರೆಸಲಿ. ಸಾವಾದ ದಿನ ಈ ಮಾತು ಎತ್ತಿದರೆ ಜಗಳವಾಗುತ್ತದೆ, ಯಾರೂ ತೀರಿಹೋಗಿಲ್ಲದ ವಾರದಲ್ಲಿ ಎತ್ತಿ.