ಕಾಳಗದ ಸೀನ್‌ನಲ್ಲಿ ಸಂಗೀತ ಹಾಕಿದರೆ ಮಾತೇ ಕೇಳಿಸುವುದಿಲ್ಲ: ಪ್ರತಿಕ್ರಿಯೆ

ವಾಲ್ಯೂಮ್‌ಗಿಂತ ನೀವು ನುಡಿಸಿದ ಕೊಳಲೇ ಇದಕ್ಕೆ ಕಾರಣ ಅನಿಸುತ್ತದೆ. ದಾಳ ಉರುಳಿಸುತ್ತಾ ಕಥೆ ಕಟ್ಟುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ನಿಮ್ಮ ರೆಕಾರ್ಡಿಂಗ್‌ನಲ್ಲಿ ಕಾಳಗ ಶುರುವಾದರೆ ಗೆಳೆಯರ ಮಾತು ಮುಳುಗುತ್ತದೆ, ಸಂಗೀತ ಇಳಿಸಿದರೂ ಅಷ್ಟೇ ಎಂದಿದ್ದೀರಿ. ಮಾತು ಸ್ಪಷ್ಟವಾಗುವುದು ಹೆಚ್ಚಾಗಿ 1ರಿಂದ 4 ಕಿಲೋಹರ್ಟ್ಸ್ ಕಂಪನಾಂಕದ ನಡುವೆ. ಕೊಳಲಿನ ಮೇಲಿನ ಸ್ವರಗಳೂ ಅಲ್ಲಿಗೇ ಬರುತ್ತವೆ.

ಮೊದಲು ಮಾತಿರುವ ಕಡೆಯೆಲ್ಲ ಕೊಳಲನ್ನು ಮ್ಯೂಟ್ ಮಾಡಿ ಕೇಳಿ. ಶ್ರುತಿ, ಡ್ರಮ್ ಸಾಕು. ದಾಳ ಉರುಳುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರಲ್ವಾ, ಕೊಳಲು ಆ ಎರಡು ಸೆಕೆಂಡಿಗಿರಲಿ. ಅಲ್ಲಿ ಅದರ ಮಜವೇ ಬೇರೆ.

ಆಮೇಲೆ ಈಕ್ವಲೈಸರ್‌ನಲ್ಲಿ (ಬೇಕಾದ ಕಂಪನಾಂಕವನ್ನಷ್ಟೇ ಏರಿಸುವ, ಇಳಿಸುವ ಸಾಧನ) ಸಂಗೀತದ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಸುಮಾರು 4 ಡೆಸಿಬೆಲ್ ತಗ್ಗಿಸಿ.

ಕೊನೆಗೆ ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯ ಆಟೋ ಡಕ್, ಅಂದರೆ ಮಾತು ಬಂದಾಗ ಸಂಗೀತವನ್ನು ತಾನೇ ತಗ್ಗಿಸುವ ಎಫೆಕ್ಟ್. ಎಲ್ಲರ ದನಿಯನ್ನೂ ಮಿಕ್ಸ್ ಮಾಡಿದ ಒಂದು ಟ್ರ್ಯಾಕ್ ಸಂಗೀತದ ಟ್ರ್ಯಾಕ್‌ನ ಕೆಳಗೇ ಇರಬೇಕು. ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಸಂಗೀತವನ್ನು ಸೆಲೆಕ್ಟ್ ಮಾಡಿ, ತಗ್ಗಿಸುವ ಪ್ರಮಾಣವನ್ನು ಮೈನಸ್ 12 ಡೆಸಿಬೆಲ್‌ನಿಂದ ಶುರುಮಾಡಿ.

ಎಲ್ಲರೂ ಒಂದೇ ಮೈಕ್ ಸುತ್ತ ಕೂತಿದ್ದರೆ ಇಷ್ಟೇ ಸಾಕಾಗುತ್ತದೆ ಎನ್ನಲಾರೆ. ದೂರ ಕೂತವರು ಮಾತಾಡಿದ ಜಾಗಗಳನ್ನು ಮೊದಲು ಕೈಯಾರೆ ಏರಿಸಬೇಕಾಗಬಹುದು. ಅಪ್‌ಲೋಡ್ ಮಾಡುವ ಮುಂಚೆ ಫೋನಿನ ಸ್ಪೀಕರ್‌ನಲ್ಲೂ ಕೇಳಿ, ಹೆಡ್‌ಫೋನ್ ನಂಬಬೇಡಿ.