ವಿದೇಶದಲ್ಲಿ ಇಂಗ್ಲಿಷ್ ಕಲಿಸುವುದನ್ನು ವೃತ್ತಿಯಾಗಿ ನೆಚ್ಚಿಕೊಳ್ಳಬಹುದೇ?

ನೀವು ಇಂಗ್ಲಿಷ್ ಎಂ.ಎ. ಮುಗಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರಾಗಿದ್ದೀರಿ, ಬಿ.ಎಡ್. ಆಗಿಲ್ಲ, ಏಜೆಂಟರೊಬ್ಬರು ಥಾಯ್ಲೆಂಡಿನ ಶಾಲೆಯಲ್ಲಿ ಕೆಲಸ ಕೊಡಿಸುವುದಾಗಿ ಹೇಳಿದ್ದಾರೆ, ಇದನ್ನೇ ಮುಂದಿನ ಬದುಕಿನ ವೃತ್ತಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಬಿ.ಎಡ್. ಮುಗಿಸಿಕೊಂಡು ಹೋಗಿ ಈಶಾನ್ಯ ಥಾಯ್ಲೆಂಡಿನ ಪಟ್ಟಣವೊಂದರ ಪ್ರೌಢಶಾಲೆಯಲ್ಲಿ, ಆಮೇಲೆ ಒಮಾನಿನ ಭಾರತೀಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ, ಈಗ ಮೈಸೂರಿನಲ್ಲಿ ಅದೇ ಕೆಲಸದಲ್ಲಿದ್ದೇನೆ. ಬೋಧನಾ ಪದವಿಯೊಂದಿಗೆ ಶಾಲಾ ಶಿಕ್ಷಕರಾಗಿ ಹೋಗುವವರಿಗೆ ಇದು ಒಳ್ಳೆಯ ವೃತ್ತಿಯೆಂದೇ ನನ್ನ ಅಭಿಪ್ರಾಯ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಒಂದೇ ಬಲದ ಮೇಲೆ ಹೊರಟವರಿಗೆ ಅದು ಒಂದೆರಡು ವರ್ಷಗಳ ಅನುಭವವಾದೀತೇ ಹೊರತು ವೃತ್ತಿಯಾಗಿ ನಿಲ್ಲುವುದು ಕಷ್ಟ.

ಮೊದಲು ಪಾಸ್‌ಪೋರ್ಟಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅಂತರ್ಜಾಲದಲ್ಲಿ ಈ ಕೆಲಸದ ಬಗ್ಗೆ ಸಿಗುವ ಉತ್ಸಾಹದ ಬರಹಗಳಲ್ಲಿ ಹೆಚ್ಚಿನವು ಅಮೆರಿಕದವರೂ ಬ್ರಿಟನ್ನಿನವರೂ ತಮ್ಮವರಿಗಾಗಿ ಬರೆದವು. ದಕ್ಷಿಣ ಕೊರಿಯಾ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾ, ಇಂಗ್ಲಿಷಿನ ಮಟ್ಟಿಗೆ, ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಕಿರಿದಾದ ಅವಕಾಶವೊಂದನ್ನು ಕೊಟ್ಟಿತಾದರೂ, ಅದಕ್ಕೂ ಬೋಧನಾ ಅರ್ಹತೆ ಬೇಕು. ಜಪಾನಿನ ಶಾಲೆಗಳಿಗೆ ಸಹಾಯಕ ಶಿಕ್ಷಕರನ್ನು ಒದಗಿಸುವ ಕಂಪನಿಗಳು ಸಾಮಾನ್ಯವಾಗಿ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತವೆ. ಎಸ್‌ಎಸ್‌ಎಲ್‌ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಆ ದಾರಿಯಿಲ್ಲ. ಆ ಏಳು ದೇಶಗಳವರಿಗೂ ಕೆಲಸ ಭದ್ರವೆಂದು ತಿಳಿಯಬೇಡಿ. 2021ರ ಜುಲೈಯಲ್ಲಿ ಚೀನಾ ಶಾಲಾಪಾಠಗಳ ಖಾಸಗಿ ಟ್ಯೂಷನ್ ಉದ್ಯಮಕ್ಕೆ ಕಡಿವಾಣ ಹಾಕಿದಾಗ, ತಮ್ಮ ದೇಶದಲ್ಲೇ ಕುಳಿತು ಚೀನೀ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುತ್ತಿದ್ದವರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು.

ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರು 1985ರಲ್ಲಿ ಇಂಗ್ಲಿಷ್ ಬಳಸುವ ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿ, ಭಾರತವನ್ನು ಎರಡನೆಯದರಲ್ಲಿ, ಅಂದರೆ ಇಂಗ್ಲಿಷ್ ತಾಯಿನುಡಿಯಲ್ಲದಿದ್ದರೂ ಶಿಕ್ಷಣದಲ್ಲೂ ಆಡಳಿತದಲ್ಲೂ ಬೇರುಬಿಟ್ಟಿರುವ ದೇಶಗಳ ಸಾಲಿನಲ್ಲಿ ಇಟ್ಟರು. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್, ತಾಯಿನುಡಿಯ ಆಧಾರದ ಮೇಲೆ ಶಿಕ್ಷಕರಲ್ಲಿ ಭೇದ ಮಾಡುವುದನ್ನು ವಿರೋಧಿಸಿ 2006ರಲ್ಲಿ ನಿಲುವು ಪ್ರಕಟಿಸಿದೆ. ವೀಸಾ ಕಚೇರಿಗಳೂ ಪೋಷಕರೂ ಇನ್ನೂ ಅಲ್ಲಿಗೆ ಬಂದಿಲ್ಲ, ಇದು ಅನ್ಯಾಯವೆಂದು ನಾನು ಇಂದಿಗೂ ನಂಬುತ್ತೇನೆ.

ಥಾಯ್ಲೆಂಡಿನಲ್ಲಿ ಈ ಭೇದ ಸಂಬಳದಲ್ಲೇ ಕಾಣುತ್ತದೆ. ಅಲ್ಲಿನ ಜಾಹೀರಾತುಗಳಲ್ಲಿ ಇಂಗ್ಲಿಷ್ ತಾಯಿನುಡಿಯವರಿಗೆ ತಿಂಗಳಿಗೆ ಮೂವತ್ತರಿಂದ ನಲವತ್ತು ಸಾವಿರ ಬಾಟ್ ಇದ್ದರೆ, ಫಿಲಿಪೀನ್ಸಿನವರಿಗೂ ನಮಗೂ ಹದಿನೈದರಿಂದ ಇಪ್ಪತ್ತೈದು ಸಾವಿರ ಇರುವುದು ಸಾಮಾನ್ಯ. ಒಂದು ಬಾಟ್‌ಗೆ ಸುಮಾರು ಎರಡೂವರೆ ರೂಪಾಯಿ ಎಂದು ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರ ಬಾಟ್ ಐವತ್ತು ಸಾವಿರ ರೂಪಾಯಿಯಾಗುತ್ತದೆ. 2022ರಲ್ಲಿ ಗೌರವಧನ ಏರಿದ ಮೇಲೂ ಕೆಲಸದ ಭರವಸೆಯಿಲ್ಲದ ಅತಿಥಿ ಉಪನ್ಯಾಸಕರಿಗೆ ಈ ಮೊತ್ತ ದೊಡ್ಡದಾಗಿ ಕಾಣುವುದು ಸಹಜ. ಆದರೆ ಅದರಲ್ಲಿ ಕೋಣೆಯ ಬಾಡಿಗೆ, ಊಟ, ವೀಸಾ ನವೀಕರಣ, ಊರಿಗೆ ಬರುವ ವಿಮಾನದ ಖರ್ಚು ಎಲ್ಲವೂ ಆಗಬೇಕು. ಏಜೆನ್ಸಿ ಮೂಲಕ ಸೇರಿದವರ ಒಪ್ಪಂದ ಎಷ್ಟೋ ಸಲ ಹತ್ತೇ ತಿಂಗಳದ್ದಾಗಿದ್ದು, ಬೇಸಿಗೆ ರಜೆಯಲ್ಲಿ ಸಂಬಳವೇ ಬರುವುದಿಲ್ಲ. ನನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ತರಗತಿಗೆ, ಒಂದೇ ಪಠ್ಯಪುಸ್ತಕದಿಂದ, ವಾರಕ್ಕೆ ಅಷ್ಟೇ ಪೀರಿಯಡ್ ಪಾಠ ಮಾಡುತ್ತಿದ್ದ ನಮಗೆ ಮೂರು ಬಗೆಯ ಸಂಬಳವಿತ್ತು. ಅದನ್ನು ತಿಂಗಳು ತಿಂಗಳೂ ನುಂಗಿಕೊಂಡು ಮಕ್ಕಳ ಮುಂದೆ ಪ್ರಸನ್ನವಾಗಿ ನಿಲ್ಲುವುದು ಎಲ್ಲರಿಗೂ ಆಗುವ ಮಾತಲ್ಲ.

ಸಂಬಳಕ್ಕಿಂತಲೂ ಮುಖ್ಯವಾದದ್ದು ಪರವಾನಗಿ. ಥಾಯ್ಲೆಂಡಿನ ಶಾಲೆಯಲ್ಲಿ ಕಲಿಸಲು ವಲಸೆಯೇತರ ‘ಬಿ’ ವೀಸಾ ಮತ್ತು ಕೆಲಸದ ಪರವಾನಗಿಯ ಜೊತೆಗೆ, ಖುರುಸಫಾ ಎಂದು ಕರೆಯುವ ಅಲ್ಲಿನ ಶಿಕ್ಷಕರ ಪರಿಷತ್ತಿನ ಅನುಮತಿ ಬೇಕು. ಇಂಗ್ಲಿಷ್ ತಾಯಿನುಡಿಯಲ್ಲದವರಿಂದ ಐಇಎಲ್‌ಟಿಎಸ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ. ಬೋಧನಾ ಪದವಿ ಇಲ್ಲದವರಿಗೆ ಪರಿಷತ್ತು ಕೊಡುವುದು ಎರಡು ವರ್ಷದ ತಾತ್ಕಾಲಿಕ ಅನುಮತಿ, ಅದನ್ನು ಎಷ್ಟು ಸಲ ಪಡೆಯಬಹುದೆಂಬುದಕ್ಕೂ ಮಿತಿಯಿದೆ. ನನ್ನೊಡನೆ ಇದ್ದ ಮತ್ತೊಬ್ಬ ಭಾರತೀಯರು ಎಂ.ಎ. ಪದವೀಧರರು, ನನಗಿಂತ ಒಳ್ಳೆಯ ಇಂಗ್ಲಿಷ್ ಅವರದು. ಆದರೂ ಆ ಅನುಮತಿಗಳು ಮುಗಿದ ಮೇಲೆ, ಮಕ್ಕಳು ಬೇಡಿಕೊಂಡರೂ ಶಾಲೆ ಬಿಡಬೇಕಾಯಿತು. ನಿಮ್ಮದೂ ಇದೇ ಸ್ಥಿತಿಯಾದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಹಾಗಿದ್ದರೂ ನಾನು ಈ ವೃತ್ತಿಯನ್ನು ಒಳ್ಳೆಯದೆಂದು ಹೇಳಲು ಕಾರಣ ತರಗತಿಯೇ. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ‘ಲ್’ ನಿಲ್ಲುವುದಿಲ್ಲ, ಅದು ‘ನ್’ ಆಗುತ್ತದೆ. ಪದದ ಆರಂಭದ ‘ಸ್ಕ’ದಂಥ ಒತ್ತಕ್ಷರದ ನಡುವೆ ‘ಅ’ಕಾರ ನುಸುಳುತ್ತದೆ. ಹೀಗಾಗಿ ನನ್ನ ಮಕ್ಕಳ ಬಾಯಲ್ಲಿ ‘ಸ್ಕೂಲ್’ ಎಂಬುದು ‘ಸಕೂನ್’ ಆಗಿತ್ತು. ನಮ್ಮ ಹಳ್ಳಿಯ ಶಾಲೆಗಳಲ್ಲಿ ‘ಇಸ್ಕೂಲು’ ಎಂದು ಬೆಳೆದವನಿಗೆ, ತಪ್ಪು ಮಗುವಿನ ನಾಲಿಗೆಯದ್ದಲ್ಲ, ತಾಯಿನುಡಿ ಹಾಕಿಕೊಟ್ಟ ಅಭ್ಯಾಸದ್ದು ಎಂದು ವಿವರಿಸಿ ಹೇಳಬೇಕಾಗಲಿಲ್ಲ. ಕನ್ನಡದಂತೆಯೇ ಥಾಯ್ ಭಾಷೆಯಲ್ಲೂ ಇಂಗ್ಲಿಷಿನ ‘ಎ’, ‘ದಿ’ಗಳಂಥ ಪದಗಳಿಲ್ಲ, ಅವನ್ನು ನಾನು ಒಂದೊಂದೇ ನಿಯಮವಾಗಿ, ಒಂದೊಂದೇ ವಾಕ್ಯವಾಗಿ ಕಲಿತಿದ್ದೆ, ಹಾಗೆಯೇ ಕಲಿಸಿದೆ. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡಿದ ಸಹೋದ್ಯೋಗಿಗೆ ಎಲ್ಲಿ ಯಾವುದು ಬರಬೇಕೆಂಬುದು ಕಿವಿಗೆ ಗೊತ್ತಿತ್ತು, ಏಕೆ ಎಂದು ಮಕ್ಕಳು ಕೇಳಿದಾಗ ಅವರು ನನ್ನತ್ತ ನೋಡುತ್ತಿದ್ದರು. ಜೂನ್ ತಿಂಗಳ ಒಂದು ಗುರುವಾರ ಅಲ್ಲಿನ ಶಾಲೆಗಳಲ್ಲಿ ವಾಯ್ ಖ್ರು ಎಂಬ ಗುರುವಂದನೆ ನಡೆಯುತ್ತದೆ. ಮಕ್ಕಳು ತಾವೇ ಕಟ್ಟಿದ ಹೂವಿನ ತಟ್ಟೆಗಳನ್ನು ತಂದು ಶಿಕ್ಷಕರ ಮುಂದೆ ಮಂಡಿಯೂರುತ್ತಾರೆ. ಆ ತಟ್ಟೆಯಲ್ಲಿ ಗರಿಕೆ, ಕೇಪಳದ ಹೂವು, ಬದನೆಯ ಹೂವು ಇರುತ್ತವೆ. ಬಾಗಿ ಅರಳುವ ಬದನೆ ಹೂವು ವಿನಯಕ್ಕೆ, ಹಬ್ಬುವ ಗರಿಕೆ ಬೆಳೆಯುವ ವಿದ್ಯೆಗೆ ಸಂಕೇತವೆಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನಗೆ ಬರುವಷ್ಟು ಇಂಗ್ಲಿಷಿನಲ್ಲೇ ನನಗೆ ವಿವರಿಸಿದಳು. ಆ ವಾಕ್ಯಗಳಲ್ಲಿ ‘ದಿ’ ಎಲ್ಲಾ ಕಡೆಯೂ ಸರಿಯಾಗಿ ಬಂದಿತ್ತು.

ಕೊಲ್ಲಿ ರಾಷ್ಟ್ರಗಳ ದಾರಿ ಬೇರೆ. ಅಲ್ಲಿನ ಸಿಬಿಎಸ್‌ಇ ಶಾಲೆಗಳು ಭಾರತೀಯ ಶಿಕ್ಷಕರನ್ನೇ ಹುಡುಕುತ್ತವೆ, ಬಿ.ಎಡ್. ಕಡ್ಡಾಯವಾಗಿ ಕೇಳುತ್ತವೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ದೃಢೀಕರಿಸಿಕೊಳ್ಳಬೇಕು: ಒಮಾನಿಗೆ ನಮ್ಮ ವಿದೇಶಾಂಗ ಸಚಿವಾಲಯ ಹಾಕಿಕೊಡುವ ಅಪೊಸ್ಟಿಲ್ ಎಂಬ ದೃಢೀಕರಣ ಸಾಕು, ಯುಎಇಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಸಂಬಳದ ಮೇಲೆ ತೆರಿಗೆಯಿಲ್ಲ, ಕೆಲಸ ಬಿಡುವಾಗ ಗ್ರಾಚ್ಯುಯಿಟಿ ಬರುತ್ತದೆ. ಯುಎಇಯಲ್ಲಿ ಮೊದಲ ಐದು ವರ್ಷಗಳಿಗೆ ಅದು ವರ್ಷಕ್ಕೆ ಇಪ್ಪತ್ತೊಂದು ದಿನಗಳ ಮೂಲವೇತನ. ಗಂಡನೋ ಹೆಂಡತಿಯೋ ಅಲ್ಲೇ ಕೆಲಸದಲ್ಲಿದ್ದು ಕುಟುಂಬ ವೀಸಾದಲ್ಲಿರುವವರನ್ನು ಶಾಲೆಗಳು ಕಡಿಮೆ ಸಂಬಳಕ್ಕೆ ಸೇರಿಸಿಕೊಳ್ಳುವುದರಿಂದ ಹೊರಗಿನಿಂದ ಬರುವವರಿಗೆ ಪೈಪೋಟಿ ಜಾಸ್ತಿ. ಆದರೆ ಅಲ್ಲಿನ ಅನುಭವಪತ್ರಕ್ಕೆ ಇಲ್ಲಿ ಬೆಲೆಯಿದೆ. ಒಮಾನಿನಿಂದ ಮರಳಿದ ಮೇಲೆ ಮೈಸೂರಿನ ಶಾಲೆಯವರು ನನ್ನ ಸೇವೆಯನ್ನು ಪೂರ್ತಿ ಪರಿಗಣಿಸಿ ಸಂಬಳ ನಿಗದಿ ಮಾಡಿದರು. ಥಾಯ್ಲೆಂಡಿನ ವರ್ಷಗಳನ್ನು ಸೇವೆಯೆಂದು ಒಪ್ಪಲಿಲ್ಲ.

ಮಾಲ್ಡೀವ್ಸಿನ ಸರ್ಕಾರಿ ಶಾಲೆಗಳಲ್ಲೂ ದಕ್ಷಿಣ ಭಾರತದ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅಲ್ಲಿ ಸಂಬಳ ರುಫಿಯಾದಲ್ಲಿ ಬರುತ್ತದೆ, ಡಾಲರಿಗೆ ಅಧಿಕೃತ ದರ 15.42 ಆದರೂ ಆ ದರದಲ್ಲಿ ಡಾಲರ್ ಸಿಗುವುದು ಸುಲಭವಲ್ಲ. ಮನೆಗೆ ಹಣ ಕಳಿಸುವ ಉದ್ದೇಶವಿದ್ದರೆ ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ನಿಮ್ಮ ಮಟ್ಟಿಗೆ ಇನ್ನೊಂದು ಲೆಕ್ಕವಿದೆ. ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಸೇವೆಯ ವರ್ಷಗಳಿಗೆ ತೂಕವಿರುವುದರಿಂದ, ನಡುವೆ ಬಿಟ್ಟುಹೋದರೆ ಆ ಸ್ಥಾನ ಹಾಗೆಯೇ ಉಳಿಯುವುದಿಲ್ಲ. ಕಾಲೇಜು ಬೋಧಕರ ಅರ್ಹತಾ ಪರೀಕ್ಷೆಗಳಾದ ಎನ್ಇಟಿ ಅಥವಾ ಕೆ-ಸೆಟ್ ಪಾಸಾಗಿ ಸಹಾಯಕ ಪ್ರಾಧ್ಯಾಪಕರಾಗುವ ಆಸೆ ನಿಮಗೆ ನಿಜವಾಗಿ ಇದ್ದರೆ ಈಗ ಹೊರಡಬೇಡಿ. ಹೊರಗೆ ಇದ್ದಷ್ಟು ಕಾಲ ಪಿಎಫ್, ಪಿಂಚಣಿ ಯಾವುದೂ ತಾನಾಗಿ ಸೇರುವುದಿಲ್ಲ. ಅನಿವಾಸಿ ಭಾರತೀಯರೂ ರಾಷ್ಟ್ರೀಯ ಪಿಂಚಣಿ ಯೋಜನೆಯ (ಎನ್‌ಪಿಎಸ್) ಖಾತೆ ತೆರೆಯಬಹುದಾದ್ದರಿಂದ ಮೊದಲ ಸಂಬಳದಿಂದಲೇ ಅದಕ್ಕೆ ಹಣ ಕಟ್ಟಿರಿ.

ಕಲಿಸುವ ಕೆಲಸವೇ ಇಷ್ಟವೆಂದಾದರೆ ಬಿ.ಎಡ್.ಗೆ ಸೇರಿ. 2015ರಿಂದ ಅದು ಎರಡು ವರ್ಷದ್ದಾಗಿದೆ, ಸಣ್ಣ ಅವಧಿಯಲ್ಲ, ಆದರೂ ಈ ವೃತ್ತಿಯಲ್ಲಿ ಬೇರೆ ಯಾವ ಕಾಗದಕ್ಕೂ ಅಷ್ಟು ಬೆಲೆಯಿಲ್ಲ. ಕೆಲವೇ ಗಂಟೆಗಳಲ್ಲಿ ಮುಗಿಯುವ ಟೆಫ್ಲ್ ಎಂಬ ಇಂಗ್ಲಿಷ್ ಬೋಧನಾ ತರಬೇತಿಯ ಅಗ್ಗದ ಆನ್‌ಲೈನ್ ಪ್ರಮಾಣಪತ್ರಗಳಿಗೆ ದುಡ್ಡು ಸುರಿಯಬೇಡಿ. ಕೇಂಬ್ರಿಜ್‌ನ ಸೆಲ್ಟಾ 120 ಗಂಟೆಗಳ ಗಂಭೀರ ಕೋರ್ಸು, ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ಪರೀಕ್ಷಕರಿಂದ ತಿದ್ದಿಸಿಕೊಳ್ಳಬೇಕು. ಆದರೆ ಶುಲ್ಕ ಲಕ್ಷ ದಾಟುತ್ತದೆ. ಬೆಂಗಳೂರಿನಲ್ಲೇ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಂಗ್ಲಿಷ್ ಬೋಧನೆಯಲ್ಲಿ ತರಬೇತಿ ಕೊಡುವ ಸಂಸ್ಥೆ, ಅದನ್ನೊಮ್ಮೆ ವಿಚಾರಿಸಿ.

ಇನ್ನು ನಿಮ್ಮ ಏಜೆಂಟರು. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯೇ ನೋಡಿ. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿಗೆ ತಲುಪಿದ ಮೇಲೆ ಎಲ್ಲ ಸರಿಮಾಡೋಣ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಥಾಯ್ಲೆಂಡಿನಲ್ಲಿ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರಿನ ಮ್ಯಾವಡ್ಡಿಯ ಸೈಬರ್ ವಂಚನೆಯ ಕೇಂದ್ರಗಳಿಗೆ ಭಾರತೀಯ ಯುವಕರನ್ನು ತಳ್ಳಿದ ಬಗ್ಗೆ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಶಾಲೆಯ ಮುದ್ರೆಯಿರುವ ಒಪ್ಪಂದ, ‘ಬಿ’ ವೀಸಾಕ್ಕೆ ಶಾಲೆ ಕೊಡುವ ಪತ್ರ, ಬೇಸಿಗೆ ರಜೆಗೂ ಸಂಬಳವಿದೆ ಎಂಬ ಲಿಖಿತ ಮಾತು, ಈ ಮೂರನ್ನೂ ಕೇಳಿ. ಅಲ್ಲಿನ ಶಾಲೆಗಳು ಮೇ ಮಧ್ಯದಲ್ಲಿ ತೆರೆಯುತ್ತವೆ. ಏಪ್ರಿಲ್ ಕೊನೆಯೊಳಗೆ ಇವು ನಿಮ್ಮ ಕೈಸೇರಿದರೆ ಎರಡು ವರ್ಷಕ್ಕೆಂದು ಹೋಗಿಬನ್ನಿ, ಸೇರದಿದ್ದರೆ ಏಜೆಂಟರಿಗೆಂದು ತೆಗೆದಿಟ್ಟ ಹಣವನ್ನು ಬಿ.ಎಡ್. ಶುಲ್ಕಕ್ಕೆ ಕಟ್ಟಿ.