ಟೈಲ್ಸ್ ಮೇಲೆ ಒಣಗಿದ ಬಣ್ಣದ ಹನಿಗಳಿಗೆ ಆಸಿಡ್ ಹಾಕಬಹುದೇ?

ಉಡುಪಿಯ ನಿಮ್ಮ ಮನೆಗೆ ಬಣ್ಣ ಬಳಿಸಿದ್ದೀರಿ, ಹಾಲ್‌ನ ವಿಟ್ರಿಫೈಡ್ ಟೈಲ್ಸ್ ಮೇಲೆ ಹನಿಗಳು ಒಣಗಿ ಕೂತಿವೆ, ಪಕ್ಕದ ಮನೆಯವರು ಆಸಿಡ್ ಹಾಕಿ ತೊಳೆಯಿರಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಕಬೇಡಿ. ಮಂಗಳೂರಿನಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಾಡಿಗೆದಾರರು ಬದಲಾದಾಗಲೆಲ್ಲ ಬಣ್ಣ, ಬಣ್ಣವಾದಾಗಲೆಲ್ಲ ಈ ಹನಿಗಳು. ಆಸಿಡ್‌ಗೆ ಬಣ್ಣ ಬಗ್ಗುವುದಿಲ್ಲ, ಜಾಯಿಂಟ್‌ನ ಸಿಮೆಂಟ್ ಮಾತ್ರ ಕರಗುತ್ತದೆ. ಆಸಿಡ್ ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಏಳುವುದು ಕ್ಲೋರಿನ್ ಅನಿಲ, ಉಸಿರಿಗೇ ಅಪಾಯ.

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಹೆಚ್ಚಿಲ್ಲ. ಬಣ್ಣ ಒಳಗಿಳಿದಿಲ್ಲ, ಮೇಲೆ ಅಂಟಿಕೊಂಡಿದೆ ಅಷ್ಟೆ. ಮೊದಲು ಅದು ಯಾವ ಬಣ್ಣ ಎಂದು ತಿಳಿಯಿರಿ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒಂದು ಹನಿಯ ಮೇಲೆ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿದರೆ ಗೋಡೆಯ ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಬಣ್ಣ. ಜಗ್ಗದಿದ್ದರೆ ಬಾಗಿಲು, ಕಿಟಕಿಗೆ ಬಳಿದ ಆಯಿಲ್ ಪೇಂಟ್ ಇರಬೇಕು.

ಎಮಲ್ಷನ್ ಆದರೆ ಹಳೆಯ ಬೈರಾಸನ್ನು (ಟವೆಲ್) ಸೋಪು ಬೆರೆಸಿದ ಬಿಸಿನೀರಿನಲ್ಲಿ ಅದ್ದಿ, ಹನಿಗಳ ಮೇಲೆ ಹಾಸಿ ಕಾಲು ಗಂಟೆ ಬಿಡಿ. ಆರಿದರೆ ಮತ್ತೆ ಬಿಸಿನೀರು ಹಾಕಿ. ಹನಿಯ ಅಂಚು ಉಗುರಿಗೆ ಸಿಗುವಷ್ಟು ಉಬ್ಬಿದಾಗ ಹೊಸ ಬ್ಲೇಡನ್ನು ನೆಲಕ್ಕೆ ಓರೆಯಾಗಿ, ಹೆಚ್ಚುಕಡಿಮೆ ಮಲಗಿಸಿದಂತೆಯೇ ಹಿಡಿದು ಮುಂದಕ್ಕೆ ತಳ್ಳಿ. ಹನಿ ಪುಡಿಯಾಗದೆ ಸಿಪ್ಪೆಯಂತೆ ಸುಲಿದು ಬರುತ್ತದೆ. ನೆಲ ಒದ್ದೆಯಾಗಿಯೇ ಇರಲಿ; ಒಣ ನೆಲದ ಮೇಲೆ, ಅದರಲ್ಲೂ ತುಕ್ಕು ಹಿಡಿದ ಬ್ಲೇಡಿನಿಂದ ಕೆರೆದರೆ ಗೀರು ಬೀಳುತ್ತದೆ. ಹೊಳಪಿಲ್ಲದ ತಿಳಿಬಣ್ಣದ ಟೈಲ್ಸ್ ಮೇಲೆ ಬ್ಲೇಡಿನ ಉಕ್ಕೇ ಪೆನ್ಸಿಲ್ ಗೆರೆಯ ಹಾಗೆ ಕಪ್ಪಗೆ ಉಳಿಯುವುದೂ ಉಂಟು, ಹಾಗಾಗಿ ಸೋಫಾದ ಅಡಿಯಲ್ಲೆಲ್ಲಾದರೂ ಒಮ್ಮೆ ಪರೀಕ್ಷಿಸಿ ನೋಡಿ. ಬಚ್ಚಲಿನ ತರಿತರಿ ಟೈಲ್ಸ್‌ಗೆ ಬ್ಲೇಡ್ ಬೇಡವೇ ಬೇಡ. ಅಲ್ಲಿ ನೆನೆಸಿ ನೈಲಾನ್ ಬ್ರಷ್‌ನಿಂದ ತಿಕ್ಕಿ, ಉಳಿದದ್ದನ್ನು ಗೆರಟೆಯ ಚೂರಿನಿಂದ ಕೆರೆಯಿರಿ. ನಮ್ಮಲ್ಲಿ ಅದಕ್ಕೇನು ಬರವಿಲ್ಲ.

ಆಯಿಲ್ ಪೇಂಟ್‌ಗೆ ಬಟ್ಟೆಯಲ್ಲಿ ತಿನ್ನರ್ ತೆಗೆದುಕೊಂಡು ಹನಿಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ ಇದೇ ರೀತಿ ಬ್ಲೇಡ್. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಅಡುಗೆಮನೆಯ ಒಲೆಯೂ ದೇವರ ಕೋಣೆಯ ದೀಪವೂ ಆರಿರಲಿ, ಏಕೆಂದರೆ ತಿನ್ನರ್‌ನ ಆವಿಗೆ ಬೇಗನೆ ಬೆಂಕಿ ಹತ್ತುತ್ತದೆ.

ಜಾಯಿಂಟ್‌ಗೆ ಇಳಿದ ಬಣ್ಣ ಪೂರ್ತಿ ಹೋಗುವುದು ಕಷ್ಟ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ನೋಡಿ. ಆಗದಿದ್ದರೆ ಆ ಗೆರೆಯಷ್ಟನ್ನೇ ಕೆರೆದು ಹೊಸ ಗ್ರೌಟ್ (ಜಾಯಿಂಟ್‌ಗೆ ಹಾಕುವ ಸಿಮೆಂಟ್) ತುಂಬಿಸಿ, ಖರ್ಚು ಹೆಚ್ಚಿಲ್ಲ.

ನೆಲಕ್ಕೂ ಮಣ್ಣಿನ ಹೆಂಚು ಹಾಸಿದ ಹಳೆಯ ಮನೆಯಾದರೆ ಮಾತ್ರ ಲೆಕ್ಕ ಬೇರೆ. ಆ ಹೆಂಚು ಬಣ್ಣವನ್ನು ಹೀರಿಕೊಳ್ಳುತ್ತದೆ, ತಿನ್ನರ್ ಹಾಕಿದರೆ ಕಲೆ ಇನ್ನೂ ಆಳಕ್ಕೆ ಇಳಿದು ಹರಡುತ್ತದೆ. ಅಲ್ಲಿ ಬಿಸಿನೀರು, ಬ್ರಷ್, ತಾಳ್ಮೆ ಇಷ್ಟರಲ್ಲೇ ಮುಗಿಸಿ.